ಅಣ್ಣನಿಗಿರುವ ಸಕ್ಕರೆ ಕಾಯಿಲೆ ತಂಗಿಗೂ ಬರುತ್ತದೆಯೇ?

ಪ್ರಶ್ನೆ: ನನ್ನ 9 ವರ್ಷದ ಮಗನಿಗೆ ಟೈಪ್ 1 ಸಕ್ಕರೆ ಕಾಯಿಲೆ, ಇನ್ಸುಲಿನ್ ಕೊಡುತ್ತಿದ್ದೇವೆ. ಜೋನಿಬೆಲ್ಲ, ತೊಡದೇವು ಮಿತಿಯಿಲ್ಲದೆ ತಿನ್ನಿಸಿದ್ದಕ್ಕೇ ಹೀಗಾಯಿತು ಎಂದು ಮನೆಯ ಹಿರಿಯರು ಹೇಳುತ್ತಾರೆ. 5 ವರ್ಷದ ಮಗಳಿಗೂ ಬರಬಹುದೇ? ಅವಳಿಗೆ ಸಿಹಿ ನಿಲ್ಲಿಸಬೇಕೇ?
– ಒಬ್ಬ ತಾಯಿ, ಶಿರಸಿ ತಾಲೂಕು

ಉತ್ತರ: ಬೆಲ್ಲ ತಿಂದದ್ದರಿಂದ ಬಂದ ಕಾಯಿಲೆ ಇದಲ್ಲ, ತಾಯಿ. ಹಿರಿಯರಿಗೂ ಇದನ್ನು ಓದಿ ಹೇಳಿ. ಟೈಪ್ 1ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ಇನ್ಸುಲಿನ್ ತಯಾರಾಗುವುದು ಆ ಕೋಶಗಳಲ್ಲೇ. ಕೆಲವು ವಂಶವಾಹಿಗಳು ಇದಕ್ಕೆ ಎಡೆಮಾಡಿಕೊಡುತ್ತವೆ. ಕೆಲವು ವೈರಸ್ ಸೋಂಕುಗಳ ಮೇಲೂ ಶಂಕೆಯಿದೆ. ಲಸಿಕೆಯಿಂದ ಬರುವುದಿಲ್ಲ, ಮಗಳ ಚುಚ್ಚುಮದ್ದು ತಪ್ಪಿಸಬೇಡಿ. ಅಜ್ಜ ಅಜ್ಜಿಯರಿಗೆ ವಯಸ್ಸಾದ ಮೇಲೆ ಬರುವ ಶುಗರ್ ಸಾಮಾನ್ಯವಾಗಿ ಟೈಪ್ 2. ಅದರ ದಾರಿಯೇ ಬೇರೆ.

ಅಣ್ಣನಿಗೋ ಅಕ್ಕನಿಗೋ ಟೈಪ್ 1 ಇದ್ದರೆ ಉಳಿದ ಮಕ್ಕಳಿಗೆ ಬರುವ ಸಾಧ್ಯತೆ ಶೇ. 5–6ರ ಆಸುಪಾಸು. ಬೇರೆ ಮಕ್ಕಳಿಗಿಂತ ಹೆಚ್ಚು ನಿಜ, ಆದರೂ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಬರುವುದಿಲ್ಲ. ಸಿಹಿ ನಿಲ್ಲಿಸಿದರೆ ಇದು ತಪ್ಪುವುದೂ ಇಲ್ಲ. ಹಬ್ಬದ ದಿನ ಅವಳೂ ತೊಡದೇವು ತಿನ್ನಲಿ.

ನಿಮ್ಮ ಕೈಯಲ್ಲಿರುವುದು ಲಕ್ಷಣವನ್ನು ಬೇಗ ಗುರುತಿಸುವುದು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರುಮಾಡಿದರೆ, ರಾತ್ರಿ ಎದ್ದೆದ್ದು ನೀರು ಕೇಳಿದರೆ, ಚೆನ್ನಾಗಿ ಉಂಡರೂ ತೂಕ ಇಳಿದರೆ ಆಗಲೇ ಗ್ಲುಕೋಮೀಟರಿನಲ್ಲಿ ನೋಡಿ. ಬೆಳಗಿನ ಖಾಲಿ ಹೊಟ್ಟೆಗೆಂದು ಕಾಯಬೇಡಿ. ಮೊದಲು ಮಗುವಿನ ಕೈಯನ್ನು ಸೋಪು ಹಾಕಿ ತೊಳೆದು ಒರೆಸಿ. ಬೆರಳಿಗೆ ಹಣ್ಣಿನ ರಸವೋ ಬೆಲ್ಲವೋ ಅಂಟಿದ್ದರೆ ಸುಳ್ಳೇ ಹೆಚ್ಚು ತೋರಿಸುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಕೆಡುತ್ತದೆ, ಡಬ್ಬಿಯ ಮುಚ್ಚಳ ತಕ್ಷಣ ಹಾಕಿ. ಇಂಥ ಲಕ್ಷಣಗಳ ಜೊತೆ 200 ಅಥವಾ ಹೆಚ್ಚು ಬಂದರೆ ಅಂದೇ ಆಸ್ಪತ್ರೆಗೆ ಹೊರಡಿ. ವಾಂತಿ, ಹೊಟ್ಟೆನೋವು, ಏದುಸಿರು, ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ ಇದ್ದರೆ ರಕ್ತದಲ್ಲಿ ಕೀಟೋನ್ ಆಮ್ಲ ಏರಿರಬಹುದು. ಒಂದು ಗಂಟೆಯೂ ತಡಮಾಡುವಂತಿಲ್ಲ. ಇದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಮುರುಗಲ ಪಾನಕ ಕುಡಿಸಿ ಮಲಗಿಸುವುದೇ ಅಪಾಯ. ‘ಅಣ್ಣನಿಗೆ ಟೈಪ್ 1 ಇದೆ, ಶುಗರ್ ನೋಡಿ’ ಎಂದು ವೈದ್ಯರಿಗೆ ನೀವೇ ಹೇಳಿ.

ಪ್ರಶ್ನೆ: ಮಗನಿಗೆ 12 ವರ್ಷ, ಎತ್ತರ 145 ಸೆಂ.ಮೀ., ತೂಕ 58 ಕೆ.ಜಿ., ಸೊಂಟ 84 ಸೆಂ.ಮೀ. ಕುತ್ತಿಗೆಯ ಹಿಂದೆ ಕೊಳೆ ಕಟ್ಟಿದಂತೆ ಕಪ್ಪಾಗಿದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅವನು ಹೊಟ್ಟೆಯಲ್ಲಿದ್ದಾಗ ನನಗೆ ಶುಗರ್ ಇತ್ತು.
– ಓದುಗರು, ಕಾರವಾರ

ಉತ್ತರ: ತಿಕ್ಕುವುದನ್ನು ಬಿಡಿ, ಅದು ಕೊಳೆಯಲ್ಲ. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದೆ ರಕ್ತದಲ್ಲಿ ಅದರ ಮಟ್ಟ ಏರಿದಾಗ ಕುತ್ತಿಗೆ, ಕಂಕುಳಿನ ಚರ್ಮ ಹೀಗೆ ದಪ್ಪಗಾಗಿ ಕಪ್ಪಾಗುತ್ತದೆ. ಸೊಂಟದ ಸುತ್ತಳತೆ ಎತ್ತರದ ಅರ್ಧದೊಳಗೆ, ಅಂದರೆ ಇವನಿಗೆ 72ರೊಳಗೆ ಇರಬೇಕಿತ್ತು. ತೂಕ, ಕುತ್ತಿಗೆ, ನಿಮ್ಮ ಗರ್ಭಾವಸ್ಥೆಯ ಶುಗರ್ ಮೂರೂ ಸೇರಿ ಟೈಪ್ 2ರ ಕಡೆ ಬೆರಳು ತೋರಿಸುತ್ತವೆ. ಪ್ರೌಢಾವಸ್ಥೆಯ ಹಾರ್ಮೋನುಗಳು ಇನ್ಸುಲಿನ್‌ಗೆ ದೇಹ ಸ್ಪಂದಿಸದಿರುವುದನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಖಾಲಿ ಹೊಟ್ಟೆಯ ಶುಗರ್ ಮತ್ತು ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಮಾಡಿಸಿ. ಮೊದಲನೆಯದು 100ರೊಳಗೆ, ಎರಡನೆಯದು 5.7ರೊಳಗೆ ಇದ್ದರೆ ಸರಿ. 126 ಅಥವಾ 6.5 ಮುಟ್ಟಿದರೆ ಮಧುಮೇಹ, ಖಚಿತಪಡಿಸಲು ಮತ್ತೊಮ್ಮೆ ಪರೀಕ್ಷೆ ಬೇಕಾಗಬಹುದು. ನಡುವೆ ಇದ್ದರೆ ಹಿಂದಿರುಗಲು ಇನ್ನೂ ಅವಕಾಶವಿದೆ. ಅವನನ್ನು ಉಪವಾಸ ಇರಿಸಬೇಡಿ, ಬೆಳೆಯುವ ಹುಡುಗ. ಮೀನುಸಾರು ಇರಲಿ, ಅನ್ನ ಒಂದು ಸೌಟು ಕಡಿಮೆಯಾಗಲಿ, ಬಾಟಲಿ ಜ್ಯೂಸ್ ಮತ್ತು ಬೇಕರಿ ತಿಂಡಿ ಮನೆಗೆ ಬರುವುದೇ ಬೇಡ. ದಿನಕ್ಕೆ 60 ನಿಮಿಷ ಮೈ ಬೆವರುವಂತೆ ಆಡಲಿ, ಕಡಲತೀರ ಹತ್ತಿರವೇ ಇದೆ. ತೂಕ ಇಲ್ಲಿಗೇ ನಿಂತು ಎತ್ತರ ಏರಿದರೂ ಅದು ಗೆಲುವೇ. ಫಲಿತಾಂಶ ಸರಿ ಬಂದರೂ 3 ವರ್ಷದೊಳಗೆ ಮತ್ತೆ ಪರೀಕ್ಷಿಸಿ, ತೂಕ ಏರುತ್ತಿದ್ದರೆ ಇನ್ನೂ ಬೇಗ.