ಒಟ್ಟು ಅಂಕದಲ್ಲಿ ಕಾಣದ ನಾಲ್ಕೂಕಾಲರ ಬಸ್ಸು

ಉಡುಪಿಯ ಒಂದು ಪ್ರೌಢಶಾಲೆಯ 9ನೇ ತರಗತಿ ಹುಡುಗಿ ಆಪ್ತಸಮಾಲೋಚನೆಗೆ ನನ್ನ ಬಳಿ ಬಂದಿದ್ದಳು. ಗುರುತು ಸಿಗದಂತೆ ವಿವರ ಬದಲಿಸಿದೆ. ಪದೇ ಪದೇ ತಲೆನೋವು, ಮಾರ್ಕ್ಸ್ ಇಳಿಕೆ. ಡಾಕ್ಟರು ಕಣ್ಣು, ರಕ್ತ ನೋಡಿ ತೊಂದರೆಯಿಲ್ಲ ಅಂದಿದ್ದರು. ಶಾಲೆ ಕಳಿಸಿದ ಹಾಳೆಯಲ್ಲಿ ಅವಳ ಯೋಗಕ್ಷೇಮದ ಅಂಕ 84.

ಈ ಅಂಕ ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳದ್ದು. ಕಳೆದ ಎರಡು ವಾರ ಮನಸ್ಸು ಉಲ್ಲಾಸವಾಗಿತ್ತೇ, ನಿರಾಳವಾಗಿತ್ತೇ, ಮೈಯಲ್ಲಿ ಚುರುಕಿತ್ತೇ, ಬೆಳಿಗ್ಗೆ ಏಳುವಾಗ ದಣಿವಾರಿತ್ತೇ, ದಿನದಲ್ಲಿ ಆಸಕ್ತಿಯ ಸಂಗತಿಗಳಿದ್ದವೇ? ಪ್ರತಿಯೊಂದಕ್ಕೂ 0ರಿಂದ 5. ಕೂಡಿಸಿ 4ರಿಂದ ಗುಣಿಸಿದರೆ 100ಕ್ಕೆ ಲೆಕ್ಕ ಸಿಗುತ್ತದೆ. 50ಕ್ಕಿಂತ ಕೆಳಗಿದ್ದರೆ ಕೂರಿಸಿ ಮಾತಾಡಿಸಬೇಕು. ಅಷ್ಟರಿಂದಲೇ ಖಿನ್ನತೆ ಎನ್ನಬಾರದು. ಶಾಲೆಯಲ್ಲಿ ರೋಲ್ ನಂಬರ್ ಬರೆಸಿ, ಒಂದೇ ಬೆಂಚಿನಲ್ಲಿ ಒತ್ತಾಗಿ ಕೂರಿಸಿ ತುಂಬಿಸಿದ್ದರು. ಕ್ಲಾಸ್ ಟೀಚರೇ ಹಾಳೆ ಪಡೆದಿದ್ದರು. ಹಾಗಾದರೆ ಮಕ್ಕಳು ಟೀಚರಿಗೆ ಬೇಸರವಾಗದ ಉತ್ತರವನ್ನೇ ಬರೆಯುತ್ತಾರೆ. ನನ್ನಲ್ಲಿ ಅವಳು ಒಬ್ಬಳೇ ಕೂತು ಮತ್ತೆ ಬರೆದಾಗ 3, 3, 2, 1, 0. ಅಂದರೆ 36. ಸಾಯುವ ಯೋಚನೆ ಬಂದದ್ದಿದೆಯೇ ಎಂದು ನೇರವಾಗಿ ಕೇಳಿದೆ, ಕೇಳಲೇಬೇಕು. ಇಲ್ಲ ಅಂದಳು.

ಆಮೇಲೆ ಶಾಲೆಯ ನಂಟಿನ ಐದು ಪ್ರಶ್ನೆ, 1ರಿಂದ 5. ಹೆಚ್ಚು ಒಪ್ಪಿದಷ್ಟು ಹೆಚ್ಚು ಅಂಕ. ಟೀಚರುಗಳು ನ್ಯಾಯವಾಗಿ ನಡೆದುಕೊಳ್ಳುತ್ತಾರೆ 4, ಶಾಲೆಯಲ್ಲಿ ಭಯವಿಲ್ಲ 5, ಇಲ್ಲಿಯವರು ನನಗೆ ಹತ್ತಿರ 2, ಇಲ್ಲಿರುವುದು ಖುಷಿ 2, ಈ ಶಾಲೆಯಲ್ಲಿ ನಾನೂ ಒಬ್ಬಳು 1. ಒಟ್ಟು 14, ‘ಮಧ್ಯಮ’ ಎಂದು ಫೈಲಿಗೆ ಸೇರುವ ಅಂಕ. ಆ 1ರ ಮೇಲೆ ಬೆರಳಿಟ್ಟು, “ಇದು ಯಾಕೆ ಮಗಾ?” ಎಂದೆ.

ಸುಮಾರು ಹೊತ್ತು ಪೆನ್ನಿನ ಕ್ಯಾಪ್ ತೆಗೆದು ಹಾಕಿ ಮಾಡಿದಳು. “ನಾಲ್ಕೂಕಾಲರ ಬಸ್ಸು ತಪ್ಪಿದ್ರೆ ಮತ್ತೆ ಆರಕ್ಕೇ ಮೇಡಂ. ಯಕ್ಷಗಾನ ಕ್ಲಾಸು, ಥ್ರೋಬಾಲ್ ಎಲ್ಲ ಅದರ ಮಧ್ಯ. ಮರುದಿನ ಅವರು ಅದರದ್ದೇ ಮಾತಾಡ್ತಾರೆ, ನಂಗೆ ನಗು ಎಲ್ಲಿ ಬರ್ಬೇಕು ಅಂತ್ಲೇ ಗೊತ್ತಾಗುದಿಲ್ಲ.”

ಮನೆಯ ಪ್ರಶ್ನೆಗಳಲ್ಲೂ ಇದೇ ಕಥೆ. ‘ಅಪ್ಪ ಅಮ್ಮನಿಗೆ ನನ್ನ ಮೇಲೆ ಕಾಳಜಿ ಇದೆ’ 5, ‘ಅವರ ಹತ್ತಿರ ಮನಸ್ಸಿನ ಮಾತು ಹೇಳುತ್ತೇನೆ’ 2. ಇವೆರಡನ್ನು ಕೂಡಿಸಲೇಬಾರದು.

ಸಲಹೆ ಹೀಗಿತ್ತು: ವಾರಕ್ಕೆ ಎರಡು ದಿನ ಯಕ್ಷಗಾನ ಕ್ಲಾಸಿಗೆ ನಿಲ್ಲುವುದು, ಆ ದಿನ ಪೇಟೆಯಲ್ಲಿ ಅಂಗಡಿ ಇರುವ ಚಿಕ್ಕಪ್ಪ ಆರರ ಬಸ್ಸು ಹತ್ತಿಸುವುದು, ಅಮ್ಮ ಸ್ಟಾಪಿಗೆ ಬರುವುದು. ರಾತ್ರಿ ಅಮ್ಮ ಬೀಡಿ ಕಟ್ಟುವಾಗ ಮಗಳು ಹದಿನೈದು ನಿಮಿಷ ಹತ್ತಿರ ಕೂರುವುದು, ಬೀಡಿಗೆ ಕೈ ಹಾಕದೆ. ಆ ಹೊತ್ತಲ್ಲಿ ಮಾರ್ಕ್ಸಿನ ಮಾತಿಲ್ಲ.

“ಮಾರ್ಕ್ಸ್ ಇಳಿದ ಮಗುವಿಗೆ ಯಕ್ಷಗಾನವೇ?” ಎಂದು ಶಾಲೆಯವರು ಕೇಳಿದರು. ಅಮೆರಿಕದಲ್ಲಿ 7ರಿಂದ 12ನೇ ತರಗತಿಯ 12 ಸಾವಿರ ಮಕ್ಕಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆ ಮತ್ತು ಶಾಲೆಯ ನಂಟು ಗಟ್ಟಿಯಿದ್ದವರಲ್ಲಿ ಮಾನಸಿಕ ಯಾತನೆ, ಆತ್ಮಹತ್ಯೆಯ ಯೋಚನೆ, ಮಾದಕ ವಸ್ತುಗಳ ಬಳಕೆ ಕಡಿಮೆ ಕಂಡಿತ್ತು. ನಂಟೇ ಕಾರಣವೆಂದು ಅದು ಸಾಧಿಸುವುದಿಲ್ಲ, ನಿಜ. ಆದರೆ ನಾಲ್ಕೂಕಾಲಕ್ಕೆ ಓಡುವ ಹುಡುಗಿಗೆ ಇನ್ನೊಂದು ಟ್ಯೂಷನ್ ಹಚ್ಚಿದ್ದರೆ ಆ 1 ಅಲ್ಲೇ ಉಳಿಯುತ್ತಿತ್ತು. ಈ ಸಲಹೆಯನ್ನು ಇವತ್ತೂ ಬದಲಿಸಲಾರೆ.

ಎಂಟು ವಾರದ ನಂತರ ‘ನಾನೂ ಒಬ್ಬಳು’ 4ಕ್ಕೆ ಬಂತು, ಯೋಗಕ್ಷೇಮ 56ಕ್ಕೆ. ಬೆಳಿಗ್ಗೆ ದಣಿವಾರಿ ಏಳುವುದು ಮಾತ್ರ ಇನ್ನೂ 1. ಬೆಳಗಿನ ಬಸ್ಸು ಆರೂವರೆಯದೇ.