ಯುರೇನಿಯಂ ಇರೋ ಜಾಗಕ್ಕೆ ಬಾಂಬ್ ಹಾಕಿದ್ರೆ ಅಣುಬಾಂಬ್ ಸಿಡಿಯಲ್ಲ

ಪ್ರಶ್ನೆ: ಸರ್, ಅಮೆರಿಕ ಇರಾನಿನ ಫೋರ್ಡೋ ಯುರೇನಿಯಂ ಘಟಕದ ಮೇಲೆ ಬಾಂಬ್ ಹಾಕಿದಾಗ ಒಳಗಿದ್ದ ಯುರೇನಿಯಂ ಯಾಕೆ ಸಿಡೀಲಿಲ್ಲ? ವಿಕಿರಣ ದುಬೈಗೂ ಬರುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಮಗ ಅಲ್ಲೇ ಇದಾನೆ, ಭಯ.

ಉತ್ತರ: 2025ರ ಜೂನ್‌ನಿಂದ ಇದೇ ಪ್ರಶ್ನೆ ಬರ್ತಾನೇ ಇದೆ, ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ, ಅದಕ್ಕೇ ಈ ಸಲ ಪೂರ್ತಿ ಬರೀತಿದೀನಿ. ಅಣುಬಾಂಬ್ ಸಿಡೀಬೇಕಂದ್ರೆ ಯುರೇನಿಯಂ ಲೋಹವನ್ನ ಸರಿಯಾದ ಆಕಾರಕ್ಕೆ ತಂದು, ಕಣ್ಣು ಮಿಟುಕಿಸೋದಕ್ಕಿಂತ ಎಷ್ಟೋ ಕಡಿಮೆ ಹೊತ್ತಲ್ಲಿ ಒಟ್ಟಿಗೆ ಸೇರಿಸ್ಬೇಕು. ಮೇಲಿಂದ ಬಾಂಬ್ ಬಿದ್ರೆ ಇದ್ದಿದ್ದೂ ಚೆಲ್ಲಾಪಿಲ್ಲಿ ಆಗುತ್ತೆ, ಸೇರಲ್ಲ. ಅದೂ ಅಲ್ದೆ ಸೆಂಟ್ರಿಫ್ಯೂಜ್ (ಯುರೇನಿಯಂ ಸಂವರ್ಧನೆಗೆ ಗಿರಗಿರ ತಿರುಗೋ ಯಂತ್ರ) ಒಳಗಿರೋದು ಲೋಹ ಅಲ್ಲ, ಯುರೇನಿಯಂ ಹೆಕ್ಸಾಫ್ಲೋರೈಡ್ ಅನ್ನೋ ಗ್ಯಾಸ್. ಅದು ಹೊರಗೆ ಬಂದು ಗಾಳಿಯ ತೇವ ತಗುಲಿದ್ರೆ ಹೈಡ್ರೋಜನ್ ಫ್ಲೋರೈಡ್ ಆಗಿ ಶ್ವಾಸಕೋಶ ಸುಡುತ್ತೆ, ಅಲ್ಲೇ ಕೆಲಸ ಮಾಡೋರ ಜೀವಕ್ಕೆ ಅಪಾಯ, ಇದನ್ನ ನಾನು ಸಣ್ಣದು ಅಂತ ಹೇಳಲ್ಲ, ಆದ್ರೆ ಸಮುದ್ರ ದಾಟಿ ದುಬೈಗೆ ಬರೋ ಸಂಗತಿ ಅಲ್ಲ.

ಜೂನ್ 22ಕ್ಕೆ ಏಳು ಬಿ-2 ಬಾಂಬರ್‌ಗಳು ತಲಾ ಎರಡರಂತೆ 14 ಬಾಂಬ್ ಹಾಕಿದ್ವು, ಒಂದೊಂದೂ ಸುಮಾರು 13,600 ಕೆಜಿ, ಫೋರ್ಡೋಗೆ 12, ಇರಾನಿನ ಇನ್ನೊಂದು ಯುರೇನಿಯಂ ಘಟಕ ನತಾಂಜ್‌ಗೆ ಎರಡು. ಫೋರ್ಡೋ ಇರೋದು ಬೆಟ್ಟದ ಹೊಟ್ಟೆಯಲ್ಲಿ, ಅದಕ್ಕೇ ಗಾಳಿ ಹೋಗೋ ಎರಡು ಕೊಳವೆ ಬಾವಿಯಂಥ ದಾರಿಗಳಿಗೇ ಗುರಿ ಇಟ್ಟು ಒಂದರ ಹಿಂದೆ ಒಂದು ಇಳಿಸಿದ್ರು. ಆಮೇಲೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಹೊರಗಡೆ ವಿಕಿರಣ ಏರಿಲ್ಲ ಅಂತ ಹೇಳ್ತು.

ನನಗೆ ನಿಜವಾಗ್ಲೂ ಭಯ ಇರೋದು ಇರಾನಿನ ಬುಶೆಹರ್ ಬಗ್ಗೆ. ಅದು ಕೊಲ್ಲಿಯ ದಡದಲ್ಲಿ ಓಡ್ತಿರೋ ವಿದ್ಯುತ್ ರಿಯಾಕ್ಟರ್, ಒಳಗೆ ಸೀಸಿಯಂ, ಅಯೋಡಿನ್ ಥರದ ವಿಕಿರಣ ವಸ್ತು ತುಂಬಿರುತ್ತೆ, ಆಚೆ ದಡದವ್ರು ಕುಡಿಯೋದು ಅದೇ ಸಮುದ್ರದ ನೀರನ್ನ ಸಿಹಿ ಮಾಡಿ. 1981ರಲ್ಲಿ ಇಸ್ರೇಲ್ ಇರಾಕಿನ ಒಸಿರಾಕ್ ರಿಯಾಕ್ಟರ್‌ಗೆ ಹೊಡೆದಿದ್ದು ಅದು ಶುರುವಾಗೋ ಮೊದ್ಲು, ಒಳಗೆ ಅಂಥ ವಿಕಿರಣ ವಸ್ತು ತುಂಬಿರ್ಲಿಲ್ಲ, ಆ ಉದಾಹರಣೆ ಕೊಟ್ಟು ಬುಶೆಹರ್‌ಗೂ ಏನಾಗಲ್ಲ ಅನ್ನೋರ ಮಾತು ಕೇಳ್ಬೇಡಿ. ಮಗನಿಗೆ ಫಾರ್ವರ್ಡ್ ಬಿಟ್ಟು ಅಲ್ಲಿನ ಸರ್ಕಾರದ ಸೂಚನೆ ನೋಡು ಅಂತ ಹೇಳಿ.

ಪ್ರಶ್ನೆ: ಫೈಟರ್ ಜೆಟ್‌ಗಳಲ್ಲೇ ಆ ಬಾಂಬ್ ಹಾಕಬಹುದಿತ್ತಲ್ವಾ?

ಉತ್ತರ: ಇಲ್ಲ. ಮೇಲಿನ ತೂಕ ಇನ್ನೊಂದ್ಸಲ ಓದಿ.

ಪ್ರಶ್ನೆ: ಹೊಡೆದ್ಮೇಲೆ ಕಥೆ ಮುಗೀತಲ್ವಾ?

ಉತ್ತರ: ಮುಗೀಲಿಲ್ಲ. ಆ ದಾಳಿಗೆ ಮುಂಚೆ ಇರಾನ್ ಹತ್ರ 60% ಸಂವರ್ಧಿತ (ಅಂದ್ರೆ ಬಾಂಬಿಗೆ ಬೇಕಾದ ಬಗೆಯ ಯುರೇನಿಯಂ ಪಾಲನ್ನ 60%ಗೆ ಏರಿಸಿದ) ಯುರೇನಿಯಂ ಸುಮಾರು 440 ಕೆಜಿ ಇತ್ತು, ಅದನ್ನ ಸಿಲಿಂಡರಲ್ಲಿ ತುಂಬಿ ಬೇರೆ ಕಡೆ ಸಾಗಿಸಬಹುದು, ಕಲಿತ ವಿದ್ಯೆಗಂತೂ ಬಾಂಬ್ ಹಾಕಕ್ಕಾಗಲ್ಲ.

ಪ್ರಶ್ನೆ: ಮುಂಜಾಗ್ರತೆಗೆ ಅಯೋಡಿನ್ ಮಾತ್ರೆ ತಗೋಬಹುದಾ?

ಉತ್ತರ: ಬೇಡ. ಅದು ಥೈರಾಯ್ಡನ್ನ ಕಾಪಾಡೋದು ರಿಯಾಕ್ಟರ್‌ನಿಂದ ಬರೋ ವಿಕಿರಣ ಅಯೋಡಿನ್‌ನಿಂದ ಮಾತ್ರ, ಅದೂ ಸರ್ಕಾರ ಹೇಳಿದಾಗ. ‘ವಿಕಿರಣ ತೆಗೆಯೋ ಕಷಾಯ’ ಮಾರೋನಿಗೆ ದುಡ್ಡು ಕೊಡ್ಬೇಡಿ, ಅವನು ಕಳ್ಳ.