ಅಂಕೋಲಾ ಹತ್ತಿರ ಕಡಲ ಬದಿಯ ಜಾಗದಲ್ಲಿ ರೋಲರ್ ಕೋಸ್ಟರ್ ಪಾರ್ಕ್ ಮಾಡಬಹುದಾ?

ನೀವು ಕೇಳಿದ್ದು ಎರಡು ಪ್ರಶ್ನೆ. ಕಣ್ಣಿಗೆ ಕಟ್ಟಿಕೊಂಡರೆ ಬೇರೆ ಲೋಕವೇ ಕಾಣಿಸುವ ವಿಆರ್ ಕನ್ನಡಕ ಬಂದ ಮೇಲೂ ರೋಲರ್ ಕೋಸ್ಟರ್‌ಗೆ ಭವಿಷ್ಯ ಇದೆಯಾ ಅನ್ನೋದು ಒಂದು. ಅಂಕೋಲಾ ಹತ್ತಿರ ಕಡಲಿಗೆ ತಾಗಿಕೊಂಡಿರುವ ನಿಮ್ಮ ಮಾವನವರ ಎಂಟು ಎಕರೆಯಲ್ಲಿ ಪಾರ್ಕ್ ಮಾಡಿ, ದೊಡ್ಡ ಕೋಸ್ಟರ್ ಹಾಕಿದರೆ ನಡೆಯುತ್ತದಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ಹೌದು. ಎರಡನೆಯದಕ್ಕೆ, ಬೇಸರ ಮಾಡ್ಕೋಬೇಡಿ, ಆ ಕೆಲಸಕ್ಕೆ ಕೈ ಹಾಕಬೇಡಿ.

ನಾನು ಕಾರವಾರದವನು. ಗಲ್ಫ್‌ನ ಒಂದು ಪಾರ್ಕಿನಲ್ಲಿ ಕೆಲವು ವರ್ಷ ರೈಡ್ ಮೆಂಟೆನೆನ್ಸ್ ಫಿಟರ್ ಆಗಿದ್ದೆ. ಈಗ ಬೈತಖೋಲ್ ಬಂದರಿನಲ್ಲಿ ಬೋಟುಗಳ ವಿಂಚು, ಗೇರ್ ಬಾಕ್ಸ್ ರಿಪೇರಿ ಮಾಡಿಕೊಂಡಿದ್ದೇನೆ. ಕೋಸ್ಟರ್‌ನ ಕಬ್ಬಿಣವೂ ಗೊತ್ತು, ನಮ್ಮ ಕಡಲ ಗಾಳಿಯೂ ಗೊತ್ತು. ಇವೆರಡಕ್ಕೂ ಆಗಿಬರೋದಿಲ್ಲ.

ವಿಆರ್ ವಿಷಯ ಬೇಗ ಮುಗಿಸುತ್ತೇನೆ. 2016ರ ಸುಮಾರಿಗೆ ಎಷ್ಟೋ ಪಾರ್ಕ್‌ಗಳು ಓಡುವ ಕೋಸ್ಟರ್‌ನಲ್ಲೇ ಜನರ ಕಣ್ಣಿಗೆ ವಿಆರ್ ಕಟ್ಟಿ ನೋಡಿದವು. ಇಂಗ್ಲೆಂಡಿನ ಆಲ್ಟನ್ ಟವರ್ಸ್ ತನ್ನ ಹಳೆಯ ಕೋಸ್ಟರ್ ಒಂದಕ್ಕೆ ಗ್ಯಾಲಾಕ್ಟಿಕಾ ಅಂತ ಹೆಸರಿಟ್ಟು ಹೀಗೆ ಓಡಿಸಿತು. ಪ್ರತಿಯೊಬ್ಬರಿಗೂ ಕನ್ನಡಕ ಬಿಗಿಯಬೇಕು, ಇಳಿದ ಮೇಲೆ ಒರೆಸಿಡಬೇಕು, ಅಷ್ಟರಲ್ಲಿ ಕ್ಯೂ ಬೆಳೆಯುತ್ತಾ ಹೋಗುತ್ತದೆ. ಕೆಲವೇ ವರ್ಷದಲ್ಲಿ ಅದನ್ನು ತೆಗೆದರು. ಮನೆಯಲ್ಲಿ ಸೋಫಾ ಮೇಲೆ ಕೂತು ನೋಡಿದರೆ ಕಣ್ಣಿಗೆ ಇಳಿಜಾರು ಕಾಣುತ್ತದೆ, ಹೊಟ್ಟೆಗೆ ಮಾತ್ರ ಏನೂ ಗೊತ್ತಾಗುವುದಿಲ್ಲ. ಜನ ದುಡ್ಡು ಕೊಡೋದೇ ಹೊಟ್ಟೆಯಲ್ಲಿ ಜುಂ ಅನ್ನೋದಕ್ಕೆ, ಅಲ್ವಾ?

ಎತ್ತರ, ವೇಗದ ಪೈಪೋಟಿಯೂ ನಿಂತಿಲ್ಲ. ಅಬುಧಾಬಿಯಲ್ಲಿ 2010ರಲ್ಲಿ ಶುರುವಾದ ಫಾರ್ಮುಲಾ ರೊಸ್ಸಾ ಗಂಟೆಗೆ 240 ಕಿ.ಮೀ. ಓಡುತ್ತದೆ. ಮರಳು ಕಣ್ಣಿಗೆ ಬಡಿಯುತ್ತದೆ ಅಂತ ಕೂತವರಿಗೆಲ್ಲ ಕನ್ನಡಕ ಕೊಡುತ್ತಾರೆ. ಈಗ ಸೌದಿಯ ಕಿದ್ದಿಯಾದಲ್ಲಿ ಫಾಲ್ಕನ್ಸ್ ಫ್ಲೈಟ್ ಬಂದಿದೆ. 195 ಮೀಟರ್ ಎತ್ತರ, 250 ಕಿ.ಮೀ. ವೇಗ, ಹಳಿಯ ಉದ್ದವೇ 4 ಕಿ.ಮೀ. ದಾಟುತ್ತದೆ. ಗಲ್ಫ್‌ನಲ್ಲಿರುವ ನಮ್ಮ ಭಟ್ಕಳ, ಹೊನ್ನಾವರದ ಹುಡುಗರು ಊರಿಗೆ ಬಂದಾಗ ಇದರ ವಿಡಿಯೋ ತೋರಿಸಿಯೇ ತೋರಿಸುತ್ತಾರೆ.

ಆದರೆ ಕೋಸ್ಟರ್ ಸಾಯುವುದು ಹೇಗೆ ಅನ್ನೋದನ್ನೂ ನೋಡಿ. ಅಮೆರಿಕದ ನ್ಯೂಜೆರ್ಸಿಯಲ್ಲಿ 2005ರಲ್ಲಿ ಕಿಂಗ್ಡಾ ಕಾ ಅಂತ ಒಂದು ಶುರುವಾಗಿತ್ತು. 139 ಮೀಟರ್ ಎತ್ತರ, ಆಗ ಜಗತ್ತಿನಲ್ಲೇ ಎಲ್ಲಕ್ಕಿಂತ ಎತ್ತರದ್ದು. ಎಣ್ಣೆಯ ಒತ್ತಡದಿಂದ ಡ್ರಮ್ ತಿರುಗಿಸಿ, ಉಕ್ಕಿನ ರೋಪ್ ಸುತ್ತಿ ಟ್ರೈನನ್ನು ಎಳೆಯುತ್ತಿತ್ತು. ಟ್ರಾಲ್ ಬೋಟಿನ ವಿಂಚು ಬಲೆ ಎಳೆದ ಹಾಗೆಯೇ, ಆದರೆ ಇದು ಮೂರೂವರೆ ಸೆಕೆಂಡಿನಲ್ಲಿ 206 ಕಿ.ಮೀ. ವೇಗ ಹಿಡಿಯಬೇಕು. ಆ ರೋಪು, ಆ ಡ್ರಮ್ಮಿನ ಗತಿ ಏನಾಗಬೇಡ! ಆಗಾಗ ಕೆಟ್ಟು ನಿಲ್ಲುತ್ತಿತ್ತು. ಜನ ಕಮ್ಮಿಯಾಗಿರಲಿಲ್ಲ. ಆದರೂ 2025ರ ಫೆಬ್ರುವರಿಯಲ್ಲಿ ಸ್ಫೋಟಕ ಇಟ್ಟು ಕೆಡವಿದರು.

ಅದರ ಅಣ್ಣನ ಹಾಗಿದ್ದ ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್ ಒಹಾಯೊದಲ್ಲಿತ್ತು. 2021ರಲ್ಲಿ ಅದರ ಟ್ರೈನಿನಿಂದ ಅಂಗೈ ಅಗಲದ ಒಂದು ಲೋಹದ ತುಂಡು ಕಳಚಿ, ಕ್ಯೂನಲ್ಲಿ ನಿಂತಿದ್ದ ಹೆಂಗಸಿನ ತಲೆಗೆ ಬಡಿಯಿತು. ಆ ರೈಡ್ ಮುಚ್ಚಿತು. ಎಣ್ಣೆಯ ವಿಂಚು ತೆಗೆದು ಆಯಸ್ಕಾಂತದಿಂದ ತಳ್ಳುವ ವ್ಯವಸ್ಥೆ ಹಾಕಿ 2024ರಲ್ಲಿ ಮತ್ತೆ ತೆರೆದರು. ಕೆಲವೇ ದಿನಕ್ಕೆ ಮತ್ತೆ ನಿಂತಿತು, ಆ ಸೀಸನ್ ಪೂರ್ತಿ ಹೋಯಿತು.

ಈ ಆಯಸ್ಕಾಂತದ ಕಡೆಗೇ ಕೋಸ್ಟರ್‌ಗಳು ಹೋಗುತ್ತಿವೆ ಅನ್ನೋದು ನನ್ನ ಅಂದಾಜು. ಒಂದಕ್ಕೊಂದು ತಾಗದೆ ಕೆಲಸ ಮಾಡುವುದರಿಂದ ಸವಕಳಿ ಕಮ್ಮಿ. ಬ್ರೇಕ್ ಅಂತೂ ಬಹಳ ಚಂದ. ಟ್ರೈನಿನ ಕೆಳಗಿನ ತಾಮ್ರದ ಪಟ್ಟಿ ಎರಡು ಸಾಲು ಆಯಸ್ಕಾಂತದ ನಡುವೆ ಹಾಯ್ದರೆ ಸಾಕು, ತಾನಾಗಿ ನಿಧಾನವಾಗುತ್ತದೆ. ಕರೆಂಟ್ ಹೋದರೂ ಹಿಡಿಯುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆಯ ಕರೆಂಟ್ ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಈಗ ನಿಮ್ಮ ಎಂಟು ಎಕರೆಗೆ ಬರುತ್ತೇನೆ.

ಕೋಸ್ಟರ್ ಕೆಲಸ ಅಂದರೆ ಮುಖ್ಯವಾಗಿ ಬೆಳಗಿನ ಕೆಲಸ. ಗೇಟು ತೆರೆಯುವ ಮೊದಲು ಹಳಿಯ ಉದ್ದಕ್ಕೂ ನಡೆದು ನೋಡಬೇಕು. ಪ್ರತಿ ನಟ್ಟಿನ ಮೇಲೂ, ಅದರ ಕೆಳಗಿನ ಪ್ಲೇಟಿನ ಮೇಲೂ ಸೇರಿಸಿ ಬಣ್ಣದ ಒಂದು ಗೆರೆ ಎಳೆದಿರುತ್ತಾರೆ. ಗೆರೆ ಎರಡಾಗಿ ಕಂಡರೆ ನಟ್ಟು ತಿರುಗಿದೆ ಅಂತ ಲೆಕ್ಕ. ಆಮೇಲೆ ವೆಲ್ಡಿಂಗ್ ಅಂಚುಗಳು. ಅಲ್ಲಿ ಕೂದಲೆಳೆಯಷ್ಟು ಕಂದು ಗೆರೆ ಕಂಡರೆ ನಿಲ್ಲಬೇಕು. ಬರೀ ಬಣ್ಣ ಬಿರಿದಿರಬಹುದು, ಕಬ್ಬಿಣವೇ ಸೀಳಿರಬಹುದು. ಬಣ್ಣ ಕೆರೆದು, ಕೆಂಪು ದ್ರಾವಣ ಬಳಿದು, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಬಿಳಿ ಸ್ಪ್ರೇ ಹೊಡೆಯುತ್ತೇವೆ. ಬಿರುಕು ಇದ್ದರೆ ಒಳಗೆ ಇಳಿದಿದ್ದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ನಾನಿದ್ದ ಪಾರ್ಕ್ ಕಡಲಿನಿಂದ ದೂರ, ಒಣ ಮರಳುಗಾಡಿನಲ್ಲಿತ್ತು. ಕಂದು ಗೆರೆ ಅಪರೂಪ, ಅದಕ್ಕೇ ಕಂಡ ಕೂಡಲೇ ಎಲ್ಲರೂ ಹುಷಾರಾಗುತ್ತಿದ್ದರು. ನಮ್ಮ ಕಡಲ ಬದಿಯಲ್ಲಿ ಪ್ರತಿ ವೆಲ್ಡಿಂಗ್ ಮೇಲೂ ಕಂದು ಗೆರೆ ಇರುತ್ತದೆ. ಯಾವುದನ್ನು ಅಂತ ಕೆರೆಯುತ್ತೀರಿ?

ತುಕ್ಕು ಹಿಡಿಯದ ಹಾಗೆ ಬಣ್ಣ ಬಳಿದರಾಯಿತು ಅಂತೀರಿ. ಸರಿ, ಯಾವಾಗ ಬಳಿಯುತ್ತೀರಿ? ಚಳಿ ದೇಶಗಳಲ್ಲಿ ಚಳಿಗಾಲಕ್ಕೆ ಪಾರ್ಕ್ ಮುಚ್ಚಿ, ಟ್ರೈನನ್ನು ಪೂರ್ತಿ ಬಿಚ್ಚಿ ನೋಡುತ್ತಾರೆ. ನಮಗೆ ಅಂಥ ಬಿಡುವು ಅಂದರೆ ಮಳೆಗಾಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಬೋಟುಗಳೂ ಕಡಲಿಗೆ ಇಳಿಯೋದಿಲ್ಲ, ಬೀಚಿನಲ್ಲಿ ಜನವೂ ಇರೋದಿಲ್ಲ. ಆದರೆ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಸುರಿಯುವ ಊರಿನಲ್ಲಿ ಆ ಹೊತ್ತಿಗೆ ಕಬ್ಬಿಣ ಒಣಗುವುದೇ ಇಲ್ಲ. ಒದ್ದೆ ಕಬ್ಬಿಣದ ಮೇಲೆ ಬಣ್ಣ ಹಿಡಿಯುವುದಿಲ್ಲ. ಬಣ್ಣ ಬಳಿಯಲು ಒಳ್ಳೆಯ ಹವೆ ಇರುವುದು ಡಿಸೆಂಬರ್, ಜನವರಿಯಲ್ಲಿ. ಆಗ ಗೋಕರ್ಣ, ಮುರ್ಡೇಶ್ವರ ತುಂಬಿ ತುಳುಕುತ್ತಿರುತ್ತವೆ. ದುಡಿಮೆಯ ಹೊತ್ತಿನಲ್ಲಿ ರೈಡ್ ನಿಲ್ಲಿಸಲು ನಿಮ್ಮ ಮಾವ ಒಪ್ಪುತ್ತಾರಾ?

ಕಡಲ ದಂಡೆಯಲ್ಲಿ ಕೋಸ್ಟರ್ ಇಲ್ಲವೇ ಇಲ್ಲ ಅಂತಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ಬೀಚಿನಲ್ಲಿ ಜೈಂಟ್ ಡಿಪ್ಪರ್ 1924ರಿಂದ ಓಡುತ್ತಿದೆ. ಅದು ಮರದ್ದು. ಹಲಗೆ ಹಾಳಾದರೆ ಆ ಹಲಗೆ ತೆಗೆದು ಬೇರೆ ಹಾಕುತ್ತಾರೆ. ನಮ್ಮಲ್ಲೂ ದಾಂಡೇಲಿ ಸಾಗವಾನಿ ಇದೆಯಲ್ಲ ಅಂತ ಮಾತ್ರ ಕೇಳಬೇಡಿ, ಆ ಬಿಲ್ ನೋಡಿದರೆ ಕೋಸ್ಟರ್ ಹತ್ತದೆಯೇ ತಲೆ ತಿರುಗುತ್ತದೆ. ನ್ಯೂಜೆರ್ಸಿಯ ಸೀಸೈಡ್ ಹೈಟ್ಸ್‌ನಲ್ಲಿ ಇನ್ನೊಂದು ಉಕ್ಕಿನ ಕೋಸ್ಟರ್ ಕಡಲ ಮೇಲಿನ ಕಟ್ಟೆಯಲ್ಲೇ ಇತ್ತು. 2012ರ ಸ್ಯಾಂಡಿ ಚಂಡಮಾರುತಕ್ಕೆ ಕಟ್ಟೆ ಮುರಿದು, ಇಡೀ ಕೋಸ್ಟರ್ ನೀರಿನಲ್ಲಿ ನಿಂತಿತು. ತಿಂಗಳುಗಟ್ಟಲೆ ಅಲೆಗೆ ಮೈಯೊಡ್ಡಿಕೊಂಡಿತ್ತು, ಮರುವರ್ಷ ಬಿಚ್ಚಿ ತೆಗೆದರು.

ಇನ್ನು ಜನ. 2011ರ ಜನಗಣತಿಯಲ್ಲಿ ಇಡೀ ಉತ್ತರ ಕನ್ನಡಕ್ಕೆ 14.37 ಲಕ್ಷ. ಅದೂ ಜೋಯಿಡಾದಿಂದ ಭಟ್ಕಳದ ತನಕ ಚದುರಿಕೊಂಡಿದ್ದಾರೆ. ಹುಬ್ಬಳ್ಳಿ-ಧಾರವಾಡ ಒಂದರಲ್ಲೇ 9 ಲಕ್ಷಕ್ಕಿಂತ ಜಾಸ್ತಿ, ಗಾಳಿಯೂ ಒಣ. ದೊಡ್ಡ ಕೋಸ್ಟರ್ ಈ ಭಾಗಕ್ಕೆ ಯಾವತ್ತಾದರೂ ಬಂದರೆ ಘಟ್ಟದ ಮೇಲೆ ಆ ಕಡೆಗೇ ಬರುತ್ತದೆ. ನಮ್ಮ ಮಕ್ಕಳು ಬಸ್ ಹತ್ತಿ ಹೋಗುತ್ತಾರೆ, ಈಗ ಶಾಲೆಯವರು ಬಿಡದಿಯ ವಂಡರ್‌ಲಾಗೆ ಕರೆದುಕೊಂಡು ಹೋದ ಹಾಗೆ.

ಕಾನೂನು ಬೇರೆ ಇದೆ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ ಪ್ರಕಾರ, ಜನ ವಿರಳವಾಗಿರುವ ಹಳ್ಳಿ ಕಡೆ ಉಬ್ಬರದ ಗೆರೆಯಿಂದ (ಭರ್ತಿಯಲ್ಲಿ ನೀರು ಬಂದು ಮುಟ್ಟುವ ಎಲ್ಲೆ) 200 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ. ನಿಮ್ಮ ಜಾಗ ಕಡಲಿಗೆ ತಾಗಿದೆ ಅಂತೀರಿ. ಎಂಟು ಎಕರೆಯಲ್ಲಿ ಆ 200 ಮೀಟರ್ ಆಚೆಗೆ ಉಳಿಯುವುದು ಎಷ್ಟು ಅಂತ ಮೊದಲು ಅಳೆಸಿ.

ಗುಡ್ಡದ ಇಳಿಜಾರಿನಲ್ಲಿ ನೆಲಕ್ಕೆ ಹತ್ತಿರವೇ ಪೈಪ್ ಹಳಿ ಹಾಕಿ, ಬ್ರೇಕನ್ನು ಕೂತವರ ಕೈಗೇ ಕೊಡುವ ಆಲ್ಪೈನ್ ಕೋಸ್ಟರ್ ಅಂತ ಒಂದಿದೆ. ಕಬ್ಬಿಣ ಕಮ್ಮಿ, ಎತ್ತರ ಕಮ್ಮಿ. ಶಿರಸಿ ಕಡೆಗೆ ಅದು ಹೊಂದುತ್ತದೆ ಅಂತ ಕೆಲವರು ಹೇಳುತ್ತಾರೆ. ನನಗೆ ಧೈರ್ಯ ಇಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಂದದ್ದು ನಿಮ್ಮ ಮಾವನ ತಾಲ್ಲೂಕಿನಲ್ಲೇ ಅಲ್ವಾ. ಮಣ್ಣಿನ ಪರೀಕ್ಷೆ ಮಾಡಿಸದೆ ಅಂಥ ಇಳಿಜಾರಿನಲ್ಲಿ ಕಂಬ ನೆಡುವ ಮಾತೇ ಬೇಡ.

ನಿಮ್ಮ ಜಾಗದ ಹಿಂಭಾಗದಲ್ಲಿ ನೀರಿನ ಜಾರುಬಂಡೆ ಮಾಡಬಹುದು. ಫೈಬರ್‌ಗೆ ತುಕ್ಕಿಲ್ಲ, ಕೆಳಗಿನ ಕಂಬಗಳನ್ನು ಕಾಂಕ್ರೀಟಿನಲ್ಲೇ ಮಾಡಿಸಿ. ಗಿರಗಿಟ್ಟೆ, ತೊಟ್ಟಿಲು ಬೇಕಾದವರು ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬಾ ಜಾತ್ರೆಗೆ ಹೇಗೂ ಹೋಗುತ್ತಾರೆ. ಜಾತ್ರೆ ಮುಗಿದರೆ ಅವು ಬಿಚ್ಚಿಕೊಂಡು ಬೇರೆ ಊರಿಗೆ ಹೋಗುತ್ತವೆ, ಕಡಲ ಗಾಳಿಗೆ ವರ್ಷಗಟ್ಟಲೆ ನಿಲ್ಲುವುದಿಲ್ಲ.

ಮಾವನವರಿಗೆ ನನ್ನ ಮಾತಿನ ಮೇಲೆ ನಂಬಿಕೆ ಬರದಿದ್ದರೆ ಸುಮ್ನೆ ವಾದ ಮಾಡಬೇಡಿ. ಒಂದು ಕಬ್ಬಿಣದ ಆ್ಯಂಗಲ್ ತುಂಡಿಗೆ ಪ್ರೈಮರ್, ಪೇಂಟ್ ಎಲ್ಲ ಹೊಡೆಸಿ, ಎರಡು ಬೋಲ್ಟ್ ಬಿಗಿದು, ಮೇ ಕೊನೆಗೆ ಕಡಲ ಬದಿಯ ಬೇಲಿಗೆ ಕಟ್ಟಲು ಹೇಳಿ. ನವರಾತ್ರಿಗೆ ಸ್ಪ್ಯಾನರ್ ತಗೊಂಡು ಹೋಗಿ ಬಿಚ್ಚಿ ನೋಡಲಿ. ಸಲೀಸಾಗಿ ಬಿಚ್ಚಿದರೆ ಇಲ್ಲೇ ಬರೆಯಿರಿ, ಮುಂದಿನ ಮಾತು ಆಡೋಣ.